ಒಂದು ಟೀಮ್ ಬಿಟ್ಟು ಎಲ್ಲರೂ ಸೋತೇ ವಾಪಸ್: ಇಂಟರ್‌ಕಾಲೇಜ್ ವೀಕೆಂಡ್‌ನ ಪೂರ್ತಿ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಚಿಕ್ಕದು ಮಾಡಲಾಗಿದೆ.)

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿರೋರಿಗೆ, ಹಾಸ್ಟೆಲ್ ಟೆರೇಸಲ್ಲಿ ಬಟ್ಟೆ ಒಣಗಿಸ್ತಾ ಕೇಳ್ತಿರೋರಿಗೆ, ಕ್ಲಾಸಲ್ಲಿ ಕೊನೇ ಬೆಂಚಲ್ಲಿ ಒಂದೇ ಕಿವಿಗೆ ಇಯರ್‌ಬಡ್ ಹಾಕ್ಕೊಂಡಿರೋರಿಗೆ, ಎಲ್ಲರಿಗೂ ಸ್ವಾಗತ.

ಕಳೆದ ವಾರ ಒಬ್ಬ ಕೇಳುಗ ವಾಯ್ಸ್ ಮೆಸೇಜ್ ಕಳಿಸಿದ್ದ. ಬಿ.ಕಾಂ. ಎರಡನೇ ವರ್ಷ, ವಾಲಿಬಾಲ್ ಆಡ್ತಾನೆ. ಅವನ ಪ್ರಶ್ನೆ ಇಷ್ಟು: "ಅಕ್ಕ, ಶನಿವಾರ-ಭಾನುವಾರ ಮೈಸೂರಲ್ಲಿ ಇಂಟರ್‌ಕಾಲೇಜ್ ಇದೆ. ನನ್ನ ಪಿಯುಸಿ ಗ್ಯಾಂಗ್ ಪೂರ್ತಿ ಅಲ್ಲೇ ಓದ್ತಿದೆ. ಮ್ಯಾಚೂ ಆಡಿ, ಎಲ್ಲರನ್ನೂ ನೋಡ್ಕೊಂಡು, ಸ್ವಲ್ಪ ಸುತ್ತಾಡ್ಕೊಂಡು ಬರಬಹುದಾ?"

ನಾನು ಕೊಟ್ಟ ಉತ್ತರ: ನೀನು ಸೋತರೆ ಆರಾಮಾಗಿ ಆಗುತ್ತೆ. ಗೆದ್ದರೆ ಕಷ್ಟ.

ಅವನು ನಗೋ ಇಮೋಜಿ ಕಳಿಸಿದ. ಆದ್ರೆ ನಾನು ತಮಾಷೆಗೆ ಹೇಳಿದ್ದಲ್ಲ. ಈ ಸಂಚಿಕೆ ಪೂರ್ತಿ ಆ ಉತ್ತರದ ವಿವರಣೆ.

63 ಗಂಟೆ ಎಲ್ಲಿಗೆ ಹೋಗುತ್ತೆ?

ನಾನು ಓದಿದ್ದು ಕಾಮರ್ಸ್, ಹಾಗಾಗಿ ಮೊದಲು ಲೆಕ್ಕ. ಶುಕ್ರವಾರ ಸಂಜೆ 6ರಿಂದ ಸೋಮವಾರ ಬೆಳಗ್ಗೆ 9ರ ಕ್ಲಾಸಿನವರೆಗೆ 63 ಗಂಟೆ. ಕೇಳೋಕೆ ಬೇಕಾದಷ್ಟಿದೆ ಅನ್ಸುತ್ತೆ. ಈಗ ಕಳೀತಾ ಹೋಗೋಣ.

ಮೂರು ರಾತ್ರಿ, ದಿನಕ್ಕೆ 7 ಗಂಟೆ ನಿದ್ದೆ. 21 ಹೋಯ್ತು, 42 ಉಳೀತು. ಹೋಗಿ ಬರೋ ಪ್ರಯಾಣ, ಬಸ್‌ಸ್ಟ್ಯಾಂಡಲ್ಲಿ ಕಾಯೋದು ಸೇರಿ 6 ಗಂಟೆ ಅಂದ್ಕೊಳ್ಳಿ. 36 ಉಳೀತು. ಸ್ನಾನ, ತಿಂಡಿ, ಊಟ, ಒಂದೇ ನಲ್ಲಿಗೆ ಹನ್ನೆರಡು ಜನ ಸಾಲು ನಿಲ್ಲೋದು, ಜೆರ್ಸಿ ಒಗೆಯೋದು, ಇದಕ್ಕೆಲ್ಲ 10. ಉಳಿದಿದ್ದು 26. ಎರಡು ದಿನ ಬೆಳಗ್ಗೆ 8ರಿಂದ ಸಂಜೆ 5ರವರೆಗೆ ಗ್ರೌಂಡು, ಅದು 18.

ಕೈಯಲ್ಲಿ ಉಳಿದಿದ್ದು 8 ಗಂಟೆ. ನೀವು ಎಷ್ಟು ಜನಕ್ಕೆ "ಬರ್ತಿದೀನಿ ಕಣೋ, ಸಿಗೋಣ" ಅಂತ ಮೆಸೇಜ್ ಹಾಕಿದ್ದೀರ, ನೀವೇ ಎಣಿಸ್ಕೊಳ್ಳಿ.

ಇಲ್ಲಿ ಒಂದು ಪ್ರಶ್ನೆ ಬರುತ್ತೆ. ವಾಲಿಬಾಲ್ ಮ್ಯಾಚ್ ಒಂದು, ಒಂದೂವರೆ ಗಂಟೆ. ಹಾಗಿದ್ರೆ ಗ್ರೌಂಡಲ್ಲಿ 9 ಗಂಟೆ ಯಾಕೆ? ಆಡಿದವರಿಗೆ ಗೊತ್ತಿರುತ್ತೆ. ರಿಪೋರ್ಟಿಂಗ್ ಟೈಮ್ ಬೆಳಗ್ಗೆ 8. ಎಲಿಜಿಬಿಲಿಟಿ ಫಾರಂ, ಐಡಿ ಕಾರ್ಡ್, ಮಾರ್ಕ್ಸ್ ಕಾರ್ಡ್ ನೋಡ್ತಾರೆ. ಆಮೇಲೆ ಉದ್ಘಾಟನೆ. ಮುಖ್ಯ ಅತಿಥಿ ಬರೋವರೆಗೂ ಬಿಸಿಲಲ್ಲಿ ಸಾಲು. ಅತಿಥಿಗಳು ಬಂದು "ಸೋಲು ಗೆಲುವು ಮುಖ್ಯವಲ್ಲ, ಭಾಗವಹಿಸುವಿಕೆ ಮುಖ್ಯ" ಅಂತ ಹೇಳಿ ಒಂದು ಸರ್ವ್ ಹೊಡೆದು ಫೋಟೊ ತೆಗೆಸ್ಕೊಂಡ ಮೇಲೆ ಆಟ ಶುರು. ನಿಮ್ಮ ಮ್ಯಾಚ್ ಆ ಕೋರ್ಟಲ್ಲಿ ಮೂರನೇದು ಅಂದ್ರೆ, ಹಿಂದಿನ ಎರಡು ಮುಗಿದ ತಕ್ಷಣ ನಿಮ್ಮದು. ಎಷ್ಟೊತ್ತಿಗೆ ಅಂತ ಯಾರೂ ಹೇಳಲ್ಲ. ಹೆಸರು ಕೂಗಿದಾಗ ನೀವಿಲ್ಲ ಅಂದ್ರೆ ಎದುರಾಳಿಗೆ ವಾಕ್‌ಓವರ್. ಅದಕ್ಕೇ ಪಿ.ಡಿ. ಸರ್, ಅಂದ್ರೆ ಫಿಸಿಕಲ್ ಡೈರೆಕ್ಟರ್, ಗೇಟ್ ದಾಟೋಕೆ ಬಿಡಲ್ಲ.

ಫ್ರೆಂಡ್ಸ್‌ಗೆ ಇದು ಅರ್ಥ ಆಗಲ್ಲ. "ಮ್ಯಾಚ್ ಎಷ್ಟೊತ್ತಿಗೆ ಮುಗಿಯುತ್ತೆ?" ಅಂತ ಐದು ಸಲ ಕೇಳ್ತಾರೆ. ನಿಜ ಹೇಳ್ಬೇಕಂದ್ರೆ ಅದು ಯಾರಿಗೂ ಗೊತ್ತಿರಲ್ಲ.

ನಾಕೌಟ್ ಅಂದ್ರೆ ಏನು, ಯಾಕೆ?

ಹೆಚ್ಚಿನ ಇಂಟರ್‌ಕಾಲೇಜ್ ಟೀಮ್ ಆಟಗಳು ನಾಕೌಟ್. ಸೋತರೆ ಹೊರಗೆ. ಕೆಲವು ಕಡೆ ಕೊನೇ ನಾಲ್ಕು ಟೀಮ್‌ಗೆ ಲೀಗ್ ಇರುತ್ತೆ, ಒಬ್ಬೊಬ್ಬರು ಮೂರು ಮ್ಯಾಚ್, ಒಟ್ಟು 6.

ಎಲ್ಲರಿಗೂ ಲೀಗ್ ಯಾಕೆ ಇಡಲ್ಲ ಅಂತ ನಾನೂ ಕಾಲೇಜಲ್ಲಿ ಗೊಣಗಿದ್ದುಂಟು. ಲೆಕ್ಕ ಹಾಕಿದ್ರೆ ಗೊತ್ತಾಗುತ್ತೆ. 16 ಟೀಮ್ ಇದ್ರೆ ಎಲ್ಲರೂ ಎಲ್ಲರ ಜೊತೆ ಆಡೋಕೆ 120 ಮ್ಯಾಚ್ ಬೇಕು. ಎರಡು ಕೋರ್ಟ್, ಮ್ಯಾಚಿಗೆ ಒಂದು ಗಂಟೆ, ದಿನಕ್ಕೆ 8 ಗಂಟೆ ಅಂದ್ರೆ ಏಳೂವರೆ ದಿನ. ನಾಕೌಟ್ ಆದ್ರೆ 15 ಮ್ಯಾಚ್. ಶನಿವಾರ-ಭಾನುವಾರದಲ್ಲಿ ಮುಗಿಯುತ್ತೆ.

15 ಅನ್ನೋ ಸಂಖ್ಯೆ ಎಲ್ಲಿಂದ ಬಂತು? ಒಂದು ಮ್ಯಾಚ್ ಒಂದು ಟೀಮನ್ನ ಮನೆಗೆ ಕಳಿಸುತ್ತೆ. ಒಬ್ಬರು ಉಳೀಬೇಕು ಅಂದ್ರೆ 15 ಟೀಮ್ ಮನೆಗೆ ಹೋಗ್ಬೇಕು. ಟೀಮ್ ಸಂಖ್ಯೆಯಲ್ಲಿ ಒಂದು ಕಳೆದರೆ ಮ್ಯಾಚ್ ಸಂಖ್ಯೆ, ಯಾವಾಗಲೂ. 11 ಟೀಮ್ ಬಂದ್ರೆ 10 ಮ್ಯಾಚ್. ಆಗ 16ಕ್ಕೆ ಸರಿ ಮಾಡೋಕೆ 5 ಟೀಮ್‌ಗೆ ಬೈ ಸಿಗುತ್ತೆ, ಅಂದ್ರೆ ಮೊದಲ ಸುತ್ತು ಆಡದೇ ಮುಂದಕ್ಕೆ.

ಈ ಲೆಕ್ಕದೊಳಗೆ ಇನ್ನೊಂದು ಮಾತಿದೆ. 16ರಲ್ಲಿ 8 ಟೀಮ್ ಮೊದಲ ಮ್ಯಾಚಲ್ಲೇ ಸೋಲುತ್ತೆ. ಅರ್ಧಕ್ಕರ್ಧ ಜನ, ಎರಡು ದಿನದ ಬಟ್ಟೆ ತುಂಬ್ಕೊಂಡು ಬಂದವರು, ಶನಿವಾರ ಮಧ್ಯಾಹ್ನದ ಹೊತ್ತಿಗೆ ಖಾಲಿ. ಚಾಂಪಿಯನ್ ಟೀಮ್ ಒಂದನ್ನ ಬಿಟ್ಟರೆ ಉಳಿದ 15 ಟೀಮಿನ ಆ ವೀಕೆಂಡಿನ ಕೊನೇ ಮ್ಯಾಚ್ ಸೋಲೇ.

ಮೇಲಿನ 8 ಗಂಟೆ ಲೆಕ್ಕಕ್ಕೆ ಈಗ ವಾಪಸ್ ಬನ್ನಿ. ಶನಿವಾರ 12 ಗಂಟೆಗೆ ಸೋತರೆ ಆ ದಿನದ 5 ಗಂಟೆ, ಭಾನುವಾರದ 9 ಗಂಟೆ ವಾಪಸ್ ಸಿಗುತ್ತೆ. 8 ಇದ್ದಿದ್ದು 22 ಆಗುತ್ತೆ. ಆ ಹುಡುಗನಿಗೆ "ಸೋತರೆ ಆರಾಮಾಗಿ ಆಗುತ್ತೆ" ಅಂದಿದ್ದು ಇದಕ್ಕೇ.

ಮೊದಲ ಸುತ್ತಲ್ಲಿ ಯಾರಿಗೆ ಯಾರು ಸಿಗ್ತಾರೆ ಅನ್ನೋದು ಚೀಟಿ ಎತ್ತಿ ತೀರ್ಮಾನ. ಸಾಮಾನ್ಯವಾಗಿ ಹಿಂದಿನ ವರ್ಷದ ಮೊದಲ ನಾಲ್ಕು ಟೀಮ್‌ಗಳನ್ನ ನಾಲ್ಕು ಮೂಲೆಗೆ ಇಟ್ಟು, ಉಳಿದವರದ್ದು ಚೀಟಿ. ಹಾಗಾಗಿ ಸಣ್ಣ ಊರಿನ ಕಾಲೇಜಿಗೆ ಮೊದಲನೇ ಮ್ಯಾಚಲ್ಲೇ ಹೋದ ವರ್ಷದ ಚಾಂಪಿಯನ್ ಎದುರಾಗಬಹುದು. ಅದು ಚೀಟಿಯ ಹಣೆಬರಹ.

ಕಾಲೇಜ್ ಜೆರ್ಸಿ ಬೇರೆ, ಯೂನಿವರ್ಸಿಟಿ ಜೆರ್ಸಿ ಬೇರೆ

ಇಷ್ಟು ಹೊತ್ತು ಹೇಳಿದ್ದು ಕೇಳಿದ್ರೆ ಇದೊಂದು ಪಿಕ್‌ನಿಕ್ ಅನ್ನಿಸಬಹುದು. ಆದ್ರೆ ಇಲ್ಲಿ ಕೆಲವರ ಕೆಲಸದ ಪ್ರಶ್ನೆ ಇದೆ.

ಇಂಟರ್‌ಕಾಲೇಜ್ ಮೊದಲ ಮೆಟ್ಟಿಲು. ಇಲ್ಲಿ ಆಡೋರನ್ನ ನೋಡಿ, ಅಥವಾ ಇದರ ಜೊತೆಗೇ ಟ್ರಯಲ್ಸ್ ಇಟ್ಟು, ಯೂನಿವರ್ಸಿಟಿ ಟೀಮ್ ಆರಿಸ್ತಾರೆ. ಆ ಟೀಮ್ ಹೋಗೋದು ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ. ಅದು ನಡೆಯೋದು ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟದ ಅಡಿಯಲ್ಲಿ. 1925ರಲ್ಲಿ ಶುರುವಾದ ಸಂಸ್ಥೆ, ಎಐಯು ಅಂತ ಎಲ್ಲರ ಬಾಯಲ್ಲಿ. ಟೀಮ್ ಆಟಗಳಿಗೆ ದೇಶವನ್ನ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ನಾಲ್ಕು ವಲಯ ಮಾಡಿದ್ದಾರೆ. ನಮ್ಮದು ದಕ್ಷಿಣ, ಅದಕ್ಕೇ "ಸೌತ್ ಝೋನ್ ಆಡಿದೀನಿ" ಅನ್ನೋ ಮಾತಿಗೆ ಅಷ್ಟು ತೂಕ. ವಲಯದಲ್ಲಿ ಮೇಲೆ ಬಂದವರು ಅಖಿಲ ಭಾರತ ಮಟ್ಟಕ್ಕೆ. ಅದರ ಮೇಲೆ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್. ಅದರ ಮೊದಲ ಆವೃತ್ತಿ 2020ರಲ್ಲಿ ಭುವನೇಶ್ವರದಲ್ಲಿ, ಎರಡನೇದು 2022ರಲ್ಲಿ ನಮ್ಮ ಬೆಂಗಳೂರಲ್ಲೇ ನಡೀತು. ಆ ಸಲ ಪದಕ ಪಟ್ಟಿಯಲ್ಲಿ ಮೊದಲು ಬಂದಿದ್ದು ಜೈನ್ ವಿಶ್ವವಿದ್ಯಾಲಯ.

ಈಗ ಕೆಲಸದ ವಿಷಯ. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಿಗೆ ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕೋಕೆ ಯಾರು ಅರ್ಹರು ಅನ್ನೋ ನಿಯಮದಲ್ಲಿ, ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ತಮ್ಮ ವಿಶ್ವವಿದ್ಯಾಲಯವನ್ನ ಪ್ರತಿನಿಧಿಸಿದವರೂ ಇದ್ದಾರೆ. ಗಮನಿಸಿ, ಕಾಲೇಜನ್ನಲ್ಲ, ವಿಶ್ವವಿದ್ಯಾಲಯವನ್ನ. ಆ ಪ್ರಮಾಣಪತ್ರ ಇದ್ದ ಮಾತ್ರಕ್ಕೆ ಕೆಲಸ ಸಿಕ್ಕಿಬಿಡಲ್ಲ, ಆಮೇಲೆ ಟ್ರಯಲ್ಸ್ ಇದೆ, ಪೈಪೋಟಿ ಇದೆ. ಆದ್ರೆ ಅದಿಲ್ಲದೆ ಈ ದಾರಿಯಲ್ಲಿ ಅರ್ಜಿನೇ ಹಾಕೋಕಾಗಲ್ಲ. ಮೂರು ವರ್ಷ ಕಾಲೇಜ್ ಟೀಮಲ್ಲಿ ಆಡಿ ಕಪ್ ಗೆದ್ದವರಿಗಿಂತ, ಒಂದು ಸಲ ಯೂನಿವರ್ಸಿಟಿ ಜೆರ್ಸಿ ಹಾಕಿ ಸೌತ್ ಝೋನಲ್ಲಿ ಆಡಿದವರ ಕಾಗದಕ್ಕೆ ಬೆಲೆ ಹೆಚ್ಚು.

ಹಾಗಾಗಿ ಆ ಶನಿವಾರದ ಗ್ರೌಂಡಲ್ಲಿ ಎರಡು ಥರದ ಜನ ಇರ್ತಾರೆ. ಖುಷಿಗೆ ಬಂದವರು, ಇದನ್ನೇ ನೆಚ್ಚಿಕೊಂಡು ಬಂದವರು. ಜೆರ್ಸಿ ಒಂದೇ, ನೋಡೋರಿಗೆ ವ್ಯತ್ಯಾಸ ಕಾಣಲ್ಲ.

ಸೋತ ಟೀಮಿನ ಸೆಟ್ಟರ್

ನನ್ನ ಚಿಕ್ಕಮ್ಮನ ಮಗಳು ಎರಡನೇ ಥರದವಳು. ಪಿರಿಯಾಪಟ್ಟಣದಿಂದಾಚೆ ಒಂದು ಹಳ್ಳಿ, ಓದೋದು ಡಿಗ್ರಿ, ವಾಲಿಬಾಲಲ್ಲಿ ಸೆಟ್ಟರ್. ಮೈಸೂರಲ್ಲಿ ಅವಳ ಇಂಟರ್‌ಕಾಲೇಜ್ ಇತ್ತು, ನಾನು ಶನಿವಾರ ಬೆಂಗಳೂರಿಂದ ಬೆಳಗಿನ ಟ್ರೈನ್ ಹಿಡಿದು ನೋಡೋಕೆ ಹೋದೆ. ನಾನು ಗ್ರೌಂಡ್ ಮುಟ್ಟೋ ಹೊತ್ತಿಗೆ ಮೊದಲ ಸೆಟ್ ಮುಗಿದಿತ್ತು. ಅರ್ಧ ಗಂಟೆಯಲ್ಲಿ ಮ್ಯಾಚೂ ಮುಗೀತು, 2-0. ಸೋತರು.

ವಾಲಿಬಾಲ್ ಗೊತ್ತಿಲ್ಲದವರಿಗೆ ಒಂದು ಮಾತು. ಎದುರಿನವರ ಸರ್ವನ್ನ ಒಬ್ಬರು ಎತ್ತಿ ಪಾಸ್ ಮಾಡ್ತಾರೆ, ಆ ಬಾಲನ್ನ ಸೆಟ್ಟರ್ ಎತ್ತಿ ಕೊಡ್ತಾರೆ, ಮೂರನೆಯವರು ಹೊಡೀತಾರೆ. ಮೊದಲ ಪಾಸ್ ಸರಿ ಬಂದ್ರೆ ಮಾತ್ರ ಸೆಟ್ಟರ್ ಕೈಚಳಕ ಕಾಣೋದು. ಅವರ ಟೀಮಲ್ಲಿ ಪಾಸೇ ಬರ್ತಿರಲಿಲ್ಲ. ಇವಳು ಇಡೀ ಮ್ಯಾಚು ಬಾಲ್ ಹಿಂದೆ ಓಡಿದ್ದೇ ಆಯ್ತು. "ಅಕ್ಕ, ನಾನು ಸೆಟ್ಟರ್ ಅಂತ ಅವರಿಗೆ ಗೊತ್ತಾಗಿರುತ್ತಾ?" ಅಂತ ಕೇಳಿದಳು. ಮಂಡಿಗೆ ಹಾಕಿದ ನೀ ಪ್ಯಾಡ್ ಇನ್ನೂ ಬಿಚ್ಚಿರಲಿಲ್ಲ.

ಭಾನುವಾರ ಬೆಳಗ್ಗೆ 7ಕ್ಕೆ ಓಪನ್ ಟ್ರಯಲ್ಸ್ ಇತ್ತು, ಸೋತ ಟೀಮಿನವರೂ ಬರಬಹುದಿತ್ತು. ಆದ್ರೆ ಸೋತ ಟೀಮು ಮಧ್ಯಾಹ್ನ ಊಟ ಮುಗಿಸಿ 3 ಗಂಟೆ ಬಸ್ಸಿಗೆ ಹೊರಡಬೇಕು. ಕಾಲೇಜು ಕೊಡೋ ದುಡ್ಡು ಅಷ್ಟಕ್ಕೇ. ಊರಿಗೆ ಹೋಗಿ ಬೆಳಗ್ಗೆ ಬರ್ತೀನಿ ಅಂದ್ರೆ, ಅವಳ ಹಳ್ಳಿಗೆ ಮೊದಲ ಬಸ್ ಬರೋದೇ 7ಕ್ಕೆ. ನಾನು ರಾತ್ರಿ ಟ್ರೈನಿಗೆ ವಾಪಸ್ ಹೋಗಲೇಬೇಕಿತ್ತು. ಬಸ್ ಚಾರ್ಜಿನ ತಾಪತ್ರಯ ಇರಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ನಮ್ಮ ಹೆಣ್ಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಬೇಕಾಗಿದ್ದು ಒಂದು ರಾತ್ರಿ ಮಲಗೋಕೆ ಜಾಗ.

ಅದನ್ನ ಕೊಟ್ಟಿದ್ದು ಅವಳ ಪಿಯುಸಿ ಗೆಳತಿ. ಸರಸ್ವತಿಪುರಂನಲ್ಲಿ ಇನ್ನಿಬ್ಬರ ಜೊತೆ ರೂಮ್ ಮಾಡ್ಕೊಂಡು ಓದ್ತಿದ್ದಳು. ಮ್ಯಾಚ್ ನೋಡೋಕೆ ಬಂದಿದ್ದವಳು, "ನಮ್ಮ ರೂಮಲ್ಲಿ ಇರಲಿ ಬಿಡಿ" ಅಂದಳು. ಹೇಳಿದಷ್ಟು ಸುಲಭ ಇರಲಿಲ್ಲ. ಪಿ.ಡಿ. ಸರ್‌ಗೆ ಮನೆಯವರ ಒಪ್ಪಿಗೆ ಬರಹದಲ್ಲಿ ಬೇಕು. ಚಿಕ್ಕಮ್ಮ ಫೋನಲ್ಲಿ ನನ್ನನ್ನ ವಿಚಾರಿಸಿದ್ರು: "ಯಾರ ಮನೆ? ಓನರ್ ಅಲ್ಲೇ ಇರ್ತಾರಾ? ಗಂಡು ಹುಡುಗ್ರು ಇದ್ದಾರಾ? ರಾತ್ರಿ ಊಟಕ್ಕೇನು?" ಕೊನೆಗೆ ಓನರ್ ಆಂಟಿನೇ ಫೋನ್ ತಗೊಂಡು ಚಿಕ್ಕಮ್ಮನ ಹತ್ರ ಮಾತಾಡಿದ್ರು. ಚಿಕ್ಕಪ್ಪ ಪೇಪರಲ್ಲಿ ಬರೆದು ಸಹಿ ಹಾಕಿ ಫೋಟೊ ವಾಟ್ಸಾಪ್ ಮಾಡಿದ್ರು. ಆಮೇಲೆ ಸರ್ ಒಪ್ಪಿದ್ದು.

ಸಂಜೆ ನಾವು ನಾಲ್ಕು ಜನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು ನಡೆದ್ವಿ. ಯಾರೂ ಮ್ಯಾಚ್ ವಿಷಯ ಎತ್ತಲಿಲ್ಲ. ಅವರು ಮೂವರೂ ಪಿಯುಸಿ ಕೆಮಿಸ್ಟ್ರಿ ಲ್ಯಾಬಲ್ಲಿ ಪಿಪೆಟ್ ಒಡೆದಿದ್ದು ಯಾರು ಅಂತ ಜಗಳ ಆಡಿದ್ರು. ಒಂಬತ್ತೂವರೆಗೆ ಅವಳು ಮಲಗಿದಳಂತೆ, ರೂಮಿನ ಮೂವರು ಲೈಟ್ ಆರಿಸಿ ಫೋನ್ ಬೆಳಕಲ್ಲಿ ಓದಿಕೊಂಡ್ರಂತೆ.

ಟ್ರಯಲ್ಸಲ್ಲಿ ಬೇರೆ ಬೇರೆ ಕಾಲೇಜಿನವರನ್ನ ಸೇರಿಸಿ ಟೀಮ್ ಮಾಡಿ ಆಡಿಸಿದ್ರು. ಅವಳಿಗೆ ಒಳ್ಳೆ ಪಾಸ್ ಬಂತು. ಕೋಚಿಂಗ್ ಕ್ಯಾಂಪಿನ 18 ಜನರ ಪಟ್ಟಿಯಲ್ಲಿ ಹೆಸರು ಬಂತು. ಕೊನೇ 12ರಲ್ಲಿ ಬರಲಿಲ್ಲ. ಅಂದ್ರೆ ಸೌತ್ ಝೋನ್ ಇಲ್ಲ, ಆ ಪ್ರಮಾಣಪತ್ರವೂ ಈ ವರ್ಷ ಇಲ್ಲ. ಅವಳಿಗೆ ಇನ್ನೊಂದು ವರ್ಷ ಇದೆ. ಕ್ಯಾಂಪಲ್ಲಿ ಕಲಿತ ಬ್ಯಾಕ್ ಸೆಟ್ಟನ್ನ ಈಗ ಮನೆ ಗೋಡೆಗೆ ಹೊಡೀತಾ ಅಭ್ಯಾಸ ಮಾಡ್ತಾಳೆ, ಸುಣ್ಣ ಉದುರುತ್ತೆ ಅಂತ ಚಿಕ್ಕಮ್ಮ ಬೈತಾರೆ.

ಅವತ್ತು ಆ ಕೋರ್ಟಲ್ಲಿ ಸೋತ ಬೇರೆ ಟೀಮುಗಳಲ್ಲೂ ಇವಳಂಥ ಹುಡುಗೀರು ಇದ್ದಿರಬಹುದು. ಮೈಸೂರಲ್ಲಿ ಗುರುತಿನವರಿಲ್ಲ ಅನ್ನೋ ಒಂದೇ ಕಾರಣಕ್ಕೆ 3 ಗಂಟೆ ಬಸ್ ಹತ್ತಿದವರು. ಟ್ರಯಲ್ಸ್ ಎಲ್ಲರಿಗೂ ತೆರೆದಿದೆ ಅಂತ ನೋಟಿಸಲ್ಲಿ ಇರುತ್ತೆ. ಆದ್ರೆ ಅದಕ್ಕೆ ಬರೋಕಾಗೋದು ರಾತ್ರಿ ಉಳಿಯೋಕೆ ಜಾಗ ಇರೋರಿಗೆ. ಸೋತ ಟೀಮಿನಿಂದ ಟ್ರಯಲ್ಸ್‌ಗೆ ನಿಲ್ಲೋರಿಗೆ ಒಂದು ರಾತ್ರಿ ಕ್ಯಾಂಪಸ್ ಹಾಸ್ಟೆಲಲ್ಲಿ ಹಾಸಿಗೆ ಕೊಡೋದು, ಅಥವಾ ಮೊದಲ ಸುತ್ತು ಮುಗಿದ ಅದೇ ಸಂಜೆ ಟ್ರಯಲ್ಸ್ ಇಡೋದು, ಎರಡೂ ದೊಡ್ಡ ಖರ್ಚಿನ ಕೆಲಸ ಅಲ್ಲ. ಕ್ರೀಡಾ ವಿಭಾಗದಲ್ಲಿರೋ ಯಾರಾದ್ರೂ ಇದನ್ನ ಕೇಳ್ತಿದ್ರೆ, ದಯವಿಟ್ಟು ಯೋಚನೆ ಮಾಡಿ.

ಫ್ರೆಂಡ್ ಮ್ಯಾಚಿಗೆ ಬರ್ತಿದ್ದಾರಾ? ಹೀಗೆ ಮಾಡಿ

ಆಡೋಕೆ ಬರೋರಿಗಿಂತ ಆ ಊರಲ್ಲಿ ಇರೋ ಫ್ರೆಂಡ್ಸ್‌ಗೆ ಈ ಮಾತುಗಳು ಹೆಚ್ಚು ಉಪಯೋಗ.

ಒಂದು. ಟೈಮ್ ಕೇಳಬೇಡಿ, ಡ್ರಾ ಶೀಟಿನ ಫೋಟೊ ಕೇಳಿ. ಯಾವ ಕೋರ್ಟ್, ಎಷ್ಟನೇ ಮ್ಯಾಚ್ ಅಂತ ಗೊತ್ತಾದ್ರೆ ನೀವೇ ಅಂದಾಜು ಮಾಡಬಹುದು. ಗೆದ್ದರೆ ಏನು, ಸೋತರೆ ಏನು ಅಂತ ಎರಡು ಪ್ಲಾನ್ ಇಟ್ಕೊಳ್ಳಿ. ಸೋತರೆ ಅನ್ನೋ ಪ್ಲಾನನ್ನ ಅವರಿಗೆ ಮೊದಲೇ ಹೇಳಬೇಡಿ!

ಎರಡು. ಮ್ಯಾಚಿನ ಹಿಂದಿನ ರಾತ್ರಿ ಬಿಟ್ಟುಬಿಡಿ. ಬೆಟ್ಟ ಹತ್ತೋಣ ಬಾ ಅಂತ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿಸಿದ್ರೆ ಮಾರನೇ ದಿನ ಕಾಲು ಏಳಲ್ಲ. ಕಬಡ್ಡಿ ಆಡೋರಾದ್ರೆ ಇನ್ನೂ ಹುಷಾರು. ಅಲ್ಲಿ ತೂಕದ ಮಿತಿ ಇದೆ, ಸೀನಿಯರ್ ಗಂಡಸರಿಗೆ 85 ಕೆಜಿ, ಹೆಂಗಸರಿಗೆ 75. ಅಂಚಿನಲ್ಲಿರೋನಿಗೆ ನೀವು ಪ್ರೀತಿಯಿಂದ ಕೊಡಿಸೋ ಬಿರಿಯಾನಿ, ಬೆಳಗ್ಗೆ ತೂಕದ ಮಷಿನ್ ಮೇಲೆ ಅವನನ್ನ ಹೊರಗೆ ಹಾಕಿಸಬಹುದು. ದೋಸೆ, ಬಿರಿಯಾನಿ ಎಲ್ಲ ಕೊನೇ ಮ್ಯಾಚ್ ಆದ ಮೇಲೆ.

ಮೂರು. ಗ್ರೌಂಡಿಗೆ ಹೋಗೋದಾದ್ರೆ ನೀರು, ಬಾಳೆಹಣ್ಣು ತಗೊಂಡು ಹೋಗಿ. ಟೀಮ್ ಪೂರ್ತಿಗೆ ಆಗೋಷ್ಟು. ಒಬ್ಬರಿಗೆ ಮಾತ್ರ ಕೊಟ್ರೆ ಅವರೂ ತಿನ್ನಲ್ಲ.

ನಾಲ್ಕು. ಉಳಿಸ್ಕೊಳ್ತೀನಿ ಅನ್ನೋ ಮುಂಚೆ ನಿಮ್ಮ ಜಾಗದ ನಿಯಮ ನೋಡಿಕೊಳ್ಳಿ. ಹೆಚ್ಚಿನ ಹಾಸ್ಟೆಲಲ್ಲಿ ಹೊರಗಿನವರಿಗೆ ರಾತ್ರಿ ಪ್ರವೇಶ ಇಲ್ಲ. ಪಿಜಿಗಳಲ್ಲಿ ಗೆಸ್ಟ್ ಚಾರ್ಜ್ ಕೇಳ್ತಾರೆ. ರಾತ್ರಿ 9ಕ್ಕೆ ಗೇಟಲ್ಲಿ ವಾರ್ಡನ್ ಎದುರು ನಿಂತು ಬೇಡಿಕೊಳ್ಳೋ ಬದಲು ಶುಕ್ರವಾರವೇ ಮಾತಾಡಿ.

ಐದು. ದುಡ್ಡು. ಆಡೋಕೆ ಬಂದವರ ಕೈಯಲ್ಲಿ ದಿನಭತ್ಯೆಯ ಸಣ್ಣ ಮೊತ್ತ ಇರುತ್ತೆ, ಕೆಲವು ಕಡೆ ಅದೂ ಆಮೇಲೆ ಬರೋದು. ಊರಲ್ಲಿರೋರು ಹೊರಗಡೆ ಊಟದ ಬಿಲ್ ಸಮಪಾಲು ಮಾಡಿ ಯುಪಿಐ ರಿಕ್ವೆಸ್ಟ್ ಕಳಿಸೋದು ನ್ಯಾಯ ಅನ್ನಿಸಬಹುದು. ಆದ್ರೆ ನಿಮ್ಮ ಊರಿಗೆ ಬಂದಿರೋರು ಅವರು. ಮುಂದಿನ ಸಲ ನೀವು ಅವರ ಊರಿಗೆ ಹೋದಾಗ ಲೆಕ್ಕ ಸರಿಹೋಗುತ್ತೆ.

ಆರು. ಎಲ್ಲರಿಗೂ ಬೇರೆ ಬೇರೆ ಸಿಗೋಕೆ ಹೋಗಬೇಡಿ. 8 ಗಂಟೆಯನ್ನ ಆರು ಜನಕ್ಕೆ ಹಂಚಿದ್ರೆ ಅರ್ಧ ಆಟೋದಲ್ಲೇ ಕಳೆಯುತ್ತೆ. ಒಂದು ಜಾಗ, ಒಂದು ಹೊತ್ತು, ಬರೋರೆಲ್ಲ ಅಲ್ಲಿಗೇ ಬರಲಿ. ಬರದವರ ಮೇಲೆ ಬೇಜಾರು ಮಾಡ್ಕೋಬೇಡಿ, ಅವರಿಗೂ ಸೋಮವಾರ ಇಂಟರ್ನಲ್ಸ್ ಇರುತ್ತೆ.

ಏಳು, ಇದು ಮುಖ್ಯ. ಅವರು ಸೋತ ತಕ್ಷಣ ಅಲ್ಲಿ ಇರಿ. ಗೆದ್ದವರ ಸುತ್ತ ಜನ ಇದ್ದೇ ಇರ್ತಾರೆ. ಸೋತು ಬ್ಯಾಗ್ ಮೇಲೆ ಕೂತವರ ಪಕ್ಕ ಕೂರೋಕೆ ಒಬ್ಬರು ಸಾಕು. "ಪರವಾಗಿಲ್ಲ ಬಿಡು" ಅನ್ನೋದೂ ಬೇಡ. "ಟ್ರಯಲ್ಸ್ ಇದೆಯಾ? ಉಳೀತೀಯಾ? ನಮ್ಮ ರೂಮಿದೆ" ಅಂತ ಕೇಳಿ.

ವಾಯ್ಸ್ ಮೆಸೇಜ್ ಕಳಿಸಿದ ತಮ್ಮನಿಗೆ: ಆಲ್ ದ ಬೆಸ್ಟ್ ಕಣೋ. ನಿನ್ನ ಗ್ಯಾಂಗಲ್ಲಿ ಯಾರ ರೂಮಲ್ಲಿ ಜಾಗ ಇದೆ ಅಂತ ಶುಕ್ರವಾರವೇ ಕೇಳಿಟ್ಕೋ. ಅಟೆಂಡೆನ್ಸ್‌ಗೆ ಓಡಿ ಲೆಟರ್‌ನ ಜೆರಾಕ್ಸ್ ತೆಗೆಸಿ ಇಟ್ಕೊಳ್ಳೋದು ಮರೀಬೇಡ, 75% ಲೆಕ್ಕ ಹಾಕೋ ಹೊತ್ತಿಗೆ ಒರಿಜಿನಲ್ ಯಾರ ಹತ್ರನೂ ಸಿಗಲ್ಲ.

ನಿಮ್ಮ ಊರಲ್ಲಿ, ನಿಮ್ಮ ಯೂನಿವರ್ಸಿಟಿಯಲ್ಲಿ ಸೋತ ಟೀಮಿನವರು ಟ್ರಯಲ್ಸ್‌ಗೆ ಉಳಿಯೋಕೆ ಏನು ವ್ಯವಸ್ಥೆ ಇದೆ? ವಾಯ್ಸ್ ಮೆಸೇಜ್ ಮಾಡಿ ತಿಳಿಸಿ. ಒಂದು ನಿಮಿಷದೊಳಗೆ ಇರಲಿ, ಬಸ್ ಹಾರ್ನ್ ಇಲ್ಲದ ಜಾಗದಿಂದ ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.